ಸ್ವೀಡನ್ ಕಾರಿಗೆ ಬಾದಾಮಿ ಹಾಲು

ಕುಶನ್ ಕೆಲಸದಲ್ಲಿ ನನ್ನನ್ನು ಮೀರಿಸುವವರು ಸ್ಯಾನ್ ಡಿಯಾಗೋದಲ್ಲಿ ಇಲ್ಲ. ಇದು ಜಂಭವಲ್ಲ, ವರದಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಮೈಸೂರಿನ ಅಶೋಕ ರಸ್ತೆಯ ಕುಶನ್ ಅಂಗಡಿಯಲ್ಲಿ ಸೂಜಿ ಹಿಡಿದವನು ನಾನು. ಇವತ್ತು ಇಲ್ಲಿನ ಡಾಕ್ಟರು, ವಕೀಲರು, ಪ್ರೊಫೆಸರುಗಳು ಎಷ್ಟೇ ಓದಿರಲಿ, ಕೊನೆಗೆ ಬಂದು ಕೂರುವುದು ನಾನು ಹೊಲಿದ ಸೀಟಿನ ಮೇಲೆಯೇ!

ಇಷ್ಟು ಹೇಳಿದ ಮೇಲೆ, ಆ ಹೊಲಿಗೆಯಿಂದಲೇ ನನ್ನ ಮಾನ ಹೋದದ್ದು ಹೇಗೆ ಎಂಬುದನ್ನೂ ಹೇಳಿಬಿಡುತ್ತೇನೆ. ನಾನು ಹೇಳದಿದ್ದರೆ ನನ್ನ ಹೆಂಡತಿ ಜುಬೇದಾ ಹೇಳುತ್ತಾಳೆ. ಅವಳು ಹೇಳುವುದು ಇನ್ನೂ ಉದ್ದ. ನಮ್ಮ ಮನೆಯಲ್ಲಿ ಪ್ರೀತಿಗೆ ಉರ್ದು, ಜಗಳಕ್ಕೆ ಕನ್ನಡ. ಹಾಗಾಗಿ ಇಲ್ಲಿ ಬರುವ ನಮ್ಮಿಬ್ಬರ ಮಾತುಕತೆಯೆಲ್ಲ ಕನ್ನಡದಲ್ಲೇ ನಡೆದದ್ದು.

ಊರಿನ ಫೋರ್ ಎಸ್ ರ್ಯಾಂಚ್ ಬಡಾವಣೆಯಲ್ಲಿ ಒಬ್ಬ ರಿಟೈರ್ಡ್ ಪ್ರೊಫೆಸರ್ ಮನೆಗೆ ಸೋಫಾದ ಅಳತೆ ತೆಗೆಯಲು ಹೋಗಿದ್ದೆ. ಅವರ ಗ್ಯಾರೇಜಿನಲ್ಲಿ ಬಟ್ಟೆ ಹೊದ್ದು ಒಂದು ಕಾರು ಮಲಗಿತ್ತು. ಬಟ್ಟೆ ಸರಿಸಿದರು. ಮುಂದಿನ ಗಾಜು ವಿಮಾನದ ಗಾಜಿನ ಹಾಗೆ ಬಾಗಿತ್ತು, ಹಿಂಭಾಗ ಹಂಸ ಕೂತ ಹಾಗಿತ್ತು. ಸ್ವೀಡನ್ ದೇಶದ್ದಂತೆ.

ಅದರ ಚರಿತ್ರೆಯನ್ನು ಪ್ರೊಫೆಸರ್ ಕಣ್ಣು ಒದ್ದೆ ಮಾಡಿಕೊಂಡು ಹೇಳಿದರು. ಆ ಕಂಪನಿಯವರು ಮೊದಲು ವಿಮಾನ ಕಟ್ಟುತ್ತಿದ್ದರು. ಯುದ್ಧ ಮುಗಿಯಿತು, ವಿಮಾನ ಕೇಳುವವರು ಕಡಿಮೆಯಾದರು. ಸರಿ, ಕಾರು ಮಾಡೋಣ ಅಂದರು. ಕಾರು ಮಾಡಿ ಅಭ್ಯಾಸವಿಲ್ಲದ್ದರಿಂದ ಎಲ್ಲವನ್ನೂ ತಮ್ಮ ತಲೆಯಿಂದಲೇ ಯೋಚಿಸಿದರು. ಲೋಕದವರೆಲ್ಲ ಕೀಯನ್ನು ಸ್ಟೀರಿಂಗ್ ಪಕ್ಕ ಹಾಕಿದರೆ ಇವರು ಎರಡು ಸೀಟುಗಳ ನಡುವೆ, ಕೆಳಗೆ, ಗೇರಿನ ಹಿಂದೆ ತೂತು ಮಾಡಿದರು. ಅಪಘಾತವಾದರೆ ಕೀ ಮೊಣಕಾಲಿಗೆ ಚುಚ್ಚಬಾರದಲ್ಲ! ಗೇರನ್ನು ರಿವರ್ಸಿಗೆ ಹಾಕದೆ ಕೀ ಹೊರಗೆ ಬರುವುದಿಲ್ಲ. ಕೀ ಬಂದ ಮೇಲೆ ಗೇರು ಅಲ್ಲಿಂದ ಅಲ್ಲಾಡುವುದಿಲ್ಲ. ಕಳ್ಳ ಬಂದರೂ ಹಿಂದೆ ಹಿಂದೆಯೇ ಹೋಗಬೇಕು.

ಪ್ರೊಫೆಸರುಗಳಿಗೆ, ಆರ್ಕಿಟೆಕ್ಟುಗಳಿಗೆ ಈ ಕಾರಿನ ಹುಚ್ಚು ಹಿಡಿಯಿತು. ಆಮೇಲೆ ಅಮೆರಿಕದ ಒಂದು ದೊಡ್ಡ ಕಂಪನಿ ಅದನ್ನು ಕೊಂಡುಕೊಂಡಿತು. ಕಾರು ಬರಬರುತ್ತಾ ಎಲ್ಲರ ಕಾರಿನ ಹಾಗಾಯಿತು. ಎಲ್ಲರ ಹಾಗಿರುವ ಕಾರು ಬೇಕಾದವರು ಎಲ್ಲರ ಕಾರನ್ನೇ ಕೊಂಡರು, ವಿಚಿತ್ರವಾದದ್ದು ಬೇಕಾದವರಿಗೆ ಇದರ ವಿಚಿತ್ರ ಸಾಲಲಿಲ್ಲ. ಕಂಪನಿ ಕೈಯಿಂದ ಕೈಗೆ ದಾಟಿ, ಕೊನೆಗೆ ಬಾಗಿಲು ಹಾಕಿತು.

"ಅರ್ಥ ಮಾಡಿಕೊಳ್ಳುವವರಿಗೆ ಮಾತ್ರ ಇದನ್ನು ಕೊಡುತ್ತೇನೆ" ಎಂದರು ಪ್ರೊಫೆಸರ್.

ನಾನು ಅರ್ಥವಾದವನ ಹಾಗೆ ತಲೆಯಾಡಿಸಿದೆ. ಅವರ ಸೋಫಾ ಸೆಟ್ಟಿಗೆ ಹೊಸ ಲೆದರ್ ಹೊದಿಸಿಕೊಟ್ಟು, ಕೂಲಿಗೆ ಬದಲಾಗಿ ಕಾರನ್ನು ಮನೆಗೆ ತಂದೆ.

ಜುಬೇದಾ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನೋಡಿದಳು. "ಕಂಪನಿ ಇದೆಯಾ?"

"ಮುಚ್ಚಿದೆ."

"ಪಾರ್ಟ್ಸ್?"

"ಹುಡುಕಿದ್ರೆ ಸಿಗುತ್ತೆ."

"ನಮ್ಮ ಟೊಯೋಟಾ ಏನ್ ತಪ್ಪು ಮಾಡಿತ್ರೀ?"

ಟೊಯೋಟಾ ಏನೂ ತಪ್ಪು ಮಾಡಿರಲಿಲ್ಲ. ಅದೇ ಅದರ ತಪ್ಪು. ಇಲ್ಲಿ ಯಾವ ಪಾರ್ಕಿಂಗ್ ಲಾಟಿಗೆ ಹೋದರೂ ಅದೇ ಕಾರು. ನನ್ನ ಕೈಕೆಲಸದಿಂದ ಮೇಲೆ ಬಂದವನು ನಾನು, ಎಲ್ಲರ ಕಾರಿನಲ್ಲಿ ಕೂರಬೇಕೇ? ಟೊಯೋಟಾವನ್ನು ಮಾರಿಬಿಟ್ಟೆ.

ಇನ್ನು ಅಯಾಜ್. ಚಾಮರಾಜನಗರದ ಹುಡುಗ, ಇಲ್ಲಿ ಎಂ.ಎಸ್. ಓದಲು ಬಂದು ನಮ್ಮ ಮನೆಯ ಹಿಂದಿನ ರೂಮಿನಲ್ಲಿ ಬಾಡಿಗೆಗೆ ಇದ್ದವನು. ಜುಬೇದಾಳ ಕೈಯೂಟ ಉಂಡು ಉಂಡು ಮಗನೇ ಆಗಿಬಿಟ್ಟಿದ್ದ. ಅವನಿಗೆ ಎರಡು ಗಂಟೆ ದಾರಿಯ ಪಸಡೀನಾದಲ್ಲಿ ಹೆಣ್ಣು ಗೊತ್ತಾಯಿತು. ಕೊರೋನಾ ಕಾಲ ಆಗಷ್ಟೇ ಇಳಿಯುತ್ತಿತ್ತು. ಅವನ ತಂದೆ ತಾಯಿಗೆ ವೀಸಾ ಇಂಟರ್‌ವ್ಯೂ ತಾರೀಖೇ ಸಿಗಲಿಲ್ಲ. ತಂದೆ ಬಸ್ ಡ್ರೈವರ್ ಆಗಿ ನಿವೃತ್ತರಾದವರು. ನನಗೆ ಫೋನ್ ಮಾಡಿ, "ಸಲೀಂ ಭಾಯ್, ನಮ್ಮ ಜಾಗದಲ್ಲಿ ನೀವು ನಿಂತು ಮದುವೆ ಮಾಡಿಸಬೇಕು. ಹುಡುಗ ಒಂಟಿ ಅನ್ನಿಸಬಾರದು" ಎಂದರು. ಆ ಮಾತಿಗೆ ನಾನು ಕುರ್ಚಿಯಿಂದ ಎದ್ದು ನಿಂತು, "ನಾನಿದ್ದೇನೆ" ಎಂದೆ.

ಹುಡುಗಿಯ ತಂದೆ ಡಾಕ್ಟರ್ ಫಾರೂಕ್ ಸಾಹೇಬರು ಬೆಂಗಳೂರಿನವರು. ಔಷಧಿ ಕೊಡುವ ಡಾಕ್ಟರಲ್ಲ. ಅವರ ಕೆಲಸ ಇಲ್ಲಿ ಕೂತು ಮಂಗಳ ಗ್ರಹದ ಮೇಲೆ ಗಾಡಿ ಓಡಿಸುವುದು! ಅಂಥವರ ಎದುರಿಗೆ ಹುಡುಗನ ಕಡೆಯವರು ಎಂದರೆ ನಾನು, ಜುಬೇದಾ ಮತ್ತು ಕಾರು. ನಮ್ಮ ಮೂವರಲ್ಲಿ ನೋಡುವ ಹಾಗಿದ್ದದ್ದು ಕಾರೊಂದೇ.

ನಿಕಾಹ್‌ಗೆ ಇಬ್ಬರು ಗಂಡಸರ ಸಾಕ್ಷಿ ಬೇಕು. "ಒಬ್ಬರು ಹುಡುಗನ ಕಡೆಯವರು ನೀವೇ ಇರಿ" ಎಂದರು ಡಾಕ್ಟರ್ ಸಾಹೇಬರು. ಇಮಾಮರಿಗೆ ಅದೇ ದಿನ ಬೇರೆ ಊರಲ್ಲಿ ಇನ್ನೊಂದು ನಿಕಾಹ್ ಇದ್ದದ್ದರಿಂದ, ನಮ್ಮದು ಮಧ್ಯಾಹ್ನದ ಜುಹರ್ ನಮಾಜಿಗೆ ಮುಂಚೆಯೇ ಮುಗಿಯಬೇಕಿತ್ತು.

ನಾನು ತಯಾರಿ ಶುರು ಮಾಡಿದೆ. ಸೀಟಿಗೆಲ್ಲ ಮೆರೂನ್ ಲೆದರ್, ಅಂಚಿನುದ್ದಕ್ಕೂ ಚಿನ್ನದ ಬಣ್ಣದ ಪೈಪಿಂಗ್. ಎಲ್ಲ ಮುಗಿದ ಮೇಲೂ ಎರಡು ಸೀಟುಗಳ ನಡುವಿನ ಆ ಕೀ ತೂತು ಮಾತ್ರ ಕಣ್ಣಿಗೆ ಚುಚ್ಚುತ್ತಿತ್ತು. ಸುತ್ತಲಿನ ಪ್ಲಾಸ್ಟಿಕ್ ಸವೆದು ಬೆಳ್ಳಗಾಗಿತ್ತು. ಅದಕ್ಕೂ ಒಳಗೆ ಸ್ಪಂಜು ತುಂಬಿ ಮೆರೂನ್ ಹೊದಿಕೆ ಹೊಲಿದೆ. ಕೀಗೆ ಕೈ ಹೋಗಲೆಂದು ನಡುವೆ ದುಂಡಗೆ ಕತ್ತರಿಸಿ, ಅಂಚಿಗೆ ದಪ್ಪ ಪೈಪಿಂಗ್ ಕೊಟ್ಟೆ. ಬಿಂದಿಗೆ ಕೂರಿಸುವ ಸಿಂಬಿಯ ಹಾಗೆ ಮುದ್ದಾಗಿ ಬಂತು. ಆ ಸಿಂಬಿಯನ್ನು ನೋಡಿ ನಾನೇ ನನ್ನ ಬೆನ್ನು ತಟ್ಟಿಕೊಂಡೆ.

ಮದುವೆಯ ದಿನ ಬೆಳಿಗ್ಗೆ ಹೂವು ಕಟ್ಟಿದ ಕಾರು ಫ್ರೀವೇಯಲ್ಲಿ ಉತ್ತರಕ್ಕೆ ಹೊರಟಿತು. ಶೇರ್ವಾನಿ ತೊಟ್ಟ ಅಯಾಜ್ ಮುಂದೆ, ಜುಬೇದಾ ಹಿಂದೆ. ನಾನು ಸ್ವೀಡನ್ ಚರಿತ್ರೆ ಹೇಳುತ್ತಲೇ ಇದ್ದೆ. ಕಂಪನಿ ಇನ್ನೂ ಮೊದಲ ಕಾರು ಮಾಡುತ್ತಿರುವಾಗಲೇ ಅಯಾಜ್ ಬೆವರಲು ಶುರು ಮಾಡಿದ. ನನಗೆ ಅದು ಚರಿತ್ರೆಯ ಪ್ರಭಾವ ಅನ್ನಿಸಿತು.

"ಚರಿತ್ರೆ ಸಾಕು ಮಾಡ್ರೀ. ಮಗು ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ಎಲ್ಲಾದ್ರೂ ನಿಲ್ಸಿ" ಎಂದಳು ಜುಬೇದಾ.

ದಾರಿಯಲ್ಲಿ ಸಿಕ್ಕ ಟೆಮೆಕ್ಯುಲಾ ಊರಿನ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದೆ. ರಿವರ್ಸಿಗೆ ಹಾಕಿದೆ, ಕೀ ತೆಗೆದೆ, ಪೆಟ್ರೋಲ್ ಹಾಕಲು ಇಳಿದೆ. ಅಯಾಜ್ ಕೈಕಾಲು ಆಡಿಸಲು ಇಳಿದ. ಜುಬೇದಾ ಫ್ಲಾಸ್ಕ್ ತೆಗೆದಳು. ಮದುಮಗನ ಬಾಯಿ ಸಿಹಿ ಮಾಡಲು ಅವಳು ಕುದಿಸಿ ಕುದಿಸಿ ತಂದಿದ್ದ ಬಾದಾಮಿ ಹಾಲು ಅದರಲ್ಲಿತ್ತು. ಕೇಸರಿ, ಸಕ್ಕರೆ, ಅರೆದ ಬಾದಾಮಿ ಸೇರಿ ಅದು ಹಾಲಿಗಿಂತ ಸಿಮೆಂಟಿಗೆ ಹತ್ತಿರವಿತ್ತು. ಲೋಟ ತುಂಬಿದಳು. ಎಲ್ಲಿಡುವುದು ಎಂದು ಸುತ್ತ ನೋಡಿದಳು. ಸೀಟುಗಳ ನಡುವೆ ನನ್ನ ಸಿಂಬಿ ಕಂಡಿತು.

ಇಟ್ಟಳು.

ಅಯಾಜ್ ಬಂದು ಧಪ್ಪೆಂದು ಕೂತ. ಲೋಟ ಮಗುಚಿತು. ಇಡೀ ಬಾದಾಮಿ ಹಾಲನ್ನು ಸ್ವೀಡನ್ ಕಾರು ಒಂದೇ ಗುಟುಕಿಗೆ ಕುಡಿಯಿತು!

"ಅಯ್ಯೋ, ಅದು ಕೀ ಹಾಕೋ ಜಾಗ ಕಣೇ!"

"ಕೀ ಹಾಕೋ ಜಾಗಕ್ಕೆ ಸಿಂಬಿ ಮಾಡಿದ್ಯಾರು? ಸಿಂಬಿ ಕಂಡ ಕಡೆ ಲೋಟ ಇಡ್ದೆ ಇನ್ನೇನು ತಲೆ ಮೇಲೆ ಇಟ್ಕೊಳ್ಲಾ?"

ನಾನು ಲೋಟ ಎತ್ತಿ ಹೊರಗಿಟ್ಟೆ.

ಕೀ ಹಾಕಿದೆ. ಒಳಗೆ ಹೋಯಿತು, ತಿರುಗಲಿಲ್ಲ. ಟಿಶ್ಯೂ ತುರುಕಿ ಒರೆಸಿದೆ. ಟಿಶ್ಯೂ ಅರ್ಧ ವಾಪಸು ಬಂತು. ಸಕ್ಕರೆ ತಾನೇ, ಬಿಸಿ ನೀರಿಗೆ ಕರಗಬೇಕು ಎಂದು ಯೋಚಿಸಿ, ಬಂಕಿನ ಅಂಗಡಿಯ ಕಾಫಿ ಮೆಷಿನ್‌ನಿಂದ ಬಿಸಿ ನೀರು ತಂದು ಸುರಿದೆ.

ಫೋನ್ ನೋಡುತ್ತಿದ್ದ ಅಯಾಜ್ ಮೆತ್ತಗೆ ಹೇಳಿದ. "ಚಾಚಾ, ಇದಕ್ಕೆ ನೀರು ಮಾತ್ರ ಹಾಕ್ಬಾರ್ದಂತೆ."

"ಹಾಕಿ ಆಯ್ತಲ್ಲೋ!"

ಅಷ್ಟರಲ್ಲಿ ಅವನ ತಂದೆಯ ಫೋನು ಬಂತು. ಊರಲ್ಲಿ ನಿದ್ದೆಗೆಟ್ಟು ಕೂತಿದ್ದರು. ವಿಷಯ ಕೇಳಿದ್ದೇ ತಡ, ಅವರೊಳಗಿನ ಬಸ್ ಡ್ರೈವರ್ ಎದ್ದು ಕೂತ.

"ತಳ್ಳಿ ಸ್ಟಾರ್ಟ್ ಮಾಡಿ ಸಲೀಂ ಭಾಯ್! ಸೆಕೆಂಡ್ ಗೇರ್ ಹಾಕಿ, ಕ್ಲಚ್ ಬಿಡಿ!"

"ಗೇರು ರಿವರ್ಸಲ್ಲಿ ಕೂತ್ಬಿಟ್ಟಿದೆ ಅಣ್ಣಾ, ಬರ್ತಾ ಇಲ್ಲ."

"ಹಾಗಾದ್ರೆ ಹಿಂದಕ್ಕೆ ತಳ್ಳಿ!"

ಹಿರಿಯರ ಮಾತು. ನಾನು ಒಳಗೆ ಕೂತು ಕ್ಲಚ್ ಒತ್ತಿದೆ. ಅಯಾಜ್ ಶೇರ್ವಾನಿಯ ತೋಳು ಮಡಿಸಿ, ಬಾನೆಟ್ಟಿನ ಹೂವಿನ ಮೇಲೆ ಕೈಯಿಟ್ಟು ತಳ್ಳಿದ. ಕೀ ತಿರುಗದೆ ಇಂಜಿನ್‌ಗೆ ಜೀವ ಬರುವುದಿಲ್ಲ ಎಂಬುದು ಕಾರು ಪಕ್ಕದ ಪಂಪಿನ ತನಕ ಹೋದ ಮೇಲೆ ನಮಗೆ ಹೊಳೆಯಿತು. ಮದುವೆಗೆಂದು ಹೊರಟ ಹುಡುಗ ಪಸಡೀನಾದಿಂದ ಇನ್ನಷ್ಟು ದೂರವಾಗಿದ್ದ. ಅವನ ಎರಡೂ ಅಂಗೈಗೆ ಚೆಂಡುಹೂವಿನ ಹಳದಿ ಹತ್ತಿತ್ತು.

ಜುಬೇದಾ ಗಡಿಯಾರ ನೋಡಿದಳು. "ಇಮಾಮ್ ಸಾಹೇಬ್ರು ಹೊರಟುಹೋಗ್ತಾರೆ. ನಾನು ಕ್ಯಾಬ್ ಕರೀತೀನಿ."

"ಮದುಮಗ ಬಾಡಿಗೆ ಕಾರಲ್ಲಾ? ಹುಡುಗನ ಕಡೆಯವರ ಮಾನ ಏನಾಗಬೇಕು?"

"ಹುಡುಗನೇ ಇಲ್ದೆ ಮಾನ ಇಟ್ಕೊಂಡು ಏನ್ ಮಾಡ್ತೀರಾ?"

ಅವಳು ಆಗಲೇ ಫೋನಿನಲ್ಲಿ ಬುಕ್ ಮಾಡಿ ಆಗಿತ್ತು. ಕ್ಯಾಬ್ ಬಂತು. ಯಾವ ಕಾರು? ಬೂದು ಬಣ್ಣದ ಟೊಯೋಟಾ! ಡ್ರೈವರ್ ಸೊಮಾಲಿಯಾದವನು, ಎತ್ತರದ ಆಳು. ಅಯಾಜನ ಪೇಟ ನೋಡಿ ಬಾಯಿ ತುಂಬ ನಕ್ಕು, "ಅಸ್ಸಲಾಮು ಅಲೈಕುಂ" ಎಂದ. ಹೆಸರು ಯೂಸುಫ್ ಅಂತೆ.

"ಬನ್ನಿ ಚಾಚಾ, ನೀವೂ ಹತ್ತಿ" ಎಂದ ಅಯಾಜ್.

ಅಲ್ಲಿ ಹತ್ತಿದ್ದರೆ ನಾನು ಇದನ್ನು ಬರೆಯುವ ಅಗತ್ಯವೇ ಇರುತ್ತಿರಲಿಲ್ಲ. ಆದರೆ ಕಾರನ್ನು ಹೂವಿನ ಸಮೇತ ಬಂಕಿನಲ್ಲಿ ಅನಾಥವಾಗಿ ಬಿಟ್ಟು, ಟೊಯೋಟಾ ಹತ್ತಿ ಹೋಗಿ ಮಂಗಳ ಗ್ರಹದವರ ಮುಂದೆ ಇಳಿಯುವುದೇ?

"ನೀವು ನಡೀರಿ. ಒಂಚೂರು ಕೈ ಆಡಿಸಿದ್ರೆ ಸರಿ ಹೋಗುತ್ತೆ. ಹಿಂದೇನೇ ಬಂದ್ಬಿಡ್ತೀನಿ."

"ಕಾರಾ, ಹುಡುಗನಾ? ಒಂದು ಹೇಳಿ" ಎಂದಳು ಜುಬೇದಾ.

"ಎರಡೂ!"

ಅವಳು ಬಾಗಿಲು ಹಾಕಿಕೊಂಡಳು. ಅಯಾಜ್ ಹಿಂದಿನ ಗಾಜಿನಿಂದ ನನ್ನನ್ನೇ ನೋಡುತ್ತಾ ಹೋದ. ಹುಡುಗ ಒಂಟಿ ಅನ್ನಿಸಬಾರದು ಎಂದು ಅವರಪ್ಪ ಹೇಳಿದ್ದ ಮಾತು ಆಗ ನೆನಪಾಗಬೇಕಿತ್ತು. ನೆನಪಾದದ್ದು ಜೇಬಿನಲ್ಲಿದ್ದ ಅತ್ತರ್ ಸೀಸೆ.

ಎಣ್ಣೆಯಂಥದ್ದು ತಾನೇ, ಜಾರುತ್ತದೆ ಎಂದು ಸೀಸೆ ಪೂರ್ತಿ ಬಗ್ಗಿಸಿದೆ. ಕೀ ಜಾರಲಿಲ್ಲ. ಇಡೀ ಬಂಕು ಗಂಧದ ವಾಸನೆ ಹೊಡೆಯಿತು. ಪಕ್ಕದ ಪಂಪಿನಲ್ಲಿದ್ದ ಹೆಂಗಸು ಮೂಗೆತ್ತಿ ಸುತ್ತಲೂ ನೋಡಿದಳು. ನನ್ನ ಜೇಬಿನಲ್ಲಿ ಯಾವಾಗಲೂ ಕುಶನ್ ಹೊಲಿಯುವ ಡೊಂಕು ಸೂಜಿ ಇರುತ್ತದೆ. ಅದನ್ನು ಒಳಗೆ ಬಿಟ್ಟು ಬಾದಾಮಿ ಕೆರೆದೆ. ಸೂಜಿ ಒಳಗೇ ಉಳಿಯಿತು. ಇಷ್ಟು ವರ್ಷ ಹಿಡಿದ ಸೂಜಿ, ಹಾಳಾದ್ದು, ಅವತ್ತೇ ಕೈಬಿಟ್ಟಿತು! ಕೊನೆಗೆ ಬಿಸ್ಮಿಲ್ಲಾ ಹೇಳಿ ಎರಡೂ ಕೈಯಿಂದ ಕೀ ತಿರುಗಿಸಿದೆ.

ತಿರುಗಿತು! ಕೀಯ ತಲೆ ಮಾತ್ರ. ಅದು ನನ್ನ ಕೈಗೆ ಬಂತು, ಮುಂಡ ಸ್ವೀಡನ್ನಿನಲ್ಲೇ ಉಳಿಯಿತು.

ಟೋ ಟ್ರಕ್ ಬಂದಾಗ ಬಿಸಿಲು ನೆತ್ತಿಗೇರಿತ್ತು. ಡ್ರೈವರ್ ಕಾರಿನ ಸುತ್ತ ನಡೆದು, ಈ ಕಂಪನಿ ಮುಚ್ಚಿಹೋಯಿತಲ್ಲ ಎಂದ. ಕೀ ಎಲ್ಲಿ ಎಂದ. ನಾನು ತಲೆ ತೋರಿಸಿದೆ. ಕೀಯದ್ದು. ಎಲ್ಲಿಗೆ ಒಯ್ಯಲಿ ಎಂದ. ಮನೆಗೆ ಎನ್ನಬೇಕಿತ್ತು. ನಾನು ಪಸಡೀನಾ ಎಂದೆ.

ಮದುವೆ ಮನೆಯ ಮುಂದೆ ಟ್ರಕ್ ನಿಂತಾಗ ಹಾಲ್ ಒಳಗಿನಿಂದ ಬಿರಿಯಾನಿ ವಾಸನೆ ಬರುತ್ತಿತ್ತು. ಬಿರಿಯಾನಿ ಬಂತೆಂದರೆ ನಿಕಾಹ್ ಮುಗಿಯಿತೆಂದೇ ಅರ್ಥ. ಜನ ಹೊರಗೆ ಬಂದರು. ಟ್ರಕ್ಕಿನ ಮೇಲೆ ಹೂವು ಹೊತ್ತು ಕೂತಿದ್ದ ಕಾರನ್ನು ನೋಡಿ ಮಕ್ಕಳು ಚಪ್ಪಾಳೆ ಹೊಡೆದರು. ಡಾಕ್ಟರ್ ಫಾರೂಕ್ ಸಾಹೇಬರು ಹತ್ತಿರ ಬಂದು ತಲೆಯೆತ್ತಿ ನೋಡಿದರು.

"ಏನು ಸಲೀಂ ಭಾಯ್, ಕಾರಿಗೂ ಮೆರವಣಿಗೆನಾ?"

"ಕೀ ಹತ್ರ ಸ್ವಲ್ಪ ಬಾದಾಮಿ ಸಿಕ್ಕಾಕ್ಕೊಂಡಿದೆ ಸಾಹೇಬ್ರೇ."

ಅವರು ಒಮ್ಮೆ ಕಾರನ್ನು, ಒಮ್ಮೆ ನನ್ನನ್ನು ನೋಡಿದರು. ಮಂಗಳ ಗ್ರಹದಲ್ಲಿ ಅವರಿಗೆ ಈ ತೊಂದರೆ ಬಂದಿರಲಿಕ್ಕಿಲ್ಲ. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, "ಮೊದಲು ಊಟ ಮಾಡಿ" ಎಂದರು.

"ಸಾಕ್ಷಿ?" ಎಂದೆ.

ಅವರು ಒಳಗೆ ತೋರಿಸಿದರು. ಅಯಾಜನ ಬಲಗಡೆ, ನನಗೆಂದು ಬಿಟ್ಟಿದ್ದ ಕುರ್ಚಿಯಲ್ಲಿ ಟೊಯೋಟಾ ಡ್ರೈವರ್ ಯೂಸುಫ್ ಕೂತಿದ್ದ! ಇಮಾಮರು ಹೊರಡುವ ಹೊತ್ತಾಗಿತ್ತಂತೆ. ಹುಡುಗನ ಕಡೆಯ ಸಾಕ್ಷಿ ಯಾರು ಎಂದು ಕೇಳಿದರಂತೆ. ಜುಬೇದಾ ಹೊರಗೆ ಓಡಿ, ಇನ್ನೇನು ಕಾರು ತಿರುಗಿಸುತ್ತಿದ್ದವನನ್ನು ಕೈ ಹಿಡಿದು ಎಳೆದಂತೆ ಕರೆತಂದಳಂತೆ. ಅವನು ಸಹಿ ಹಾಕಿದ. ಫೋಟೋಗೆ ನಿಂತ. ಈಗ ನನ್ನ ಪಾಲಿನ ಬಿರಿಯಾನಿಯಲ್ಲಿ ಕೈ ಇಟ್ಟಿದ್ದ.

ಅಯಾಜ್ ನನ್ನನ್ನು ಕಂಡು ಎದ್ದು ಬಂದು ತಬ್ಬಿಕೊಂಡ. ಅಂಗೈ ಇನ್ನೂ ಹಳದಿ. "ಬಂದ್ರಲ್ಲ ಚಾಚಾ" ಎಂದ. ಒಂದು ಮಾತು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಬೈಯುವ ಕೆಲಸವನ್ನು ಜುಬೇದಾ ವಹಿಸಿಕೊಂಡಳು. ವಾಪಸು ಬರುವಾಗ ದಾರಿಯುದ್ದಕ್ಕೂ, ಅಚ್ಚ ಕನ್ನಡದಲ್ಲಿ. ಬಂದದ್ದು ಯೂಸುಫನ ಟೊಯೋಟಾದಲ್ಲಿ. ಸೀಟು ಬಹಳ ಹಾಯಾಗಿತ್ತು. ಅದನ್ನು ನಾನು ಯಾರಿಗೂ ಹೇಳಿಲ್ಲ.

ಅಯಾಜನ ತಂದೆ ತಾಯಿ ಮನೆಯ ಪಡಸಾಲೆಯಲ್ಲಿ ಹಾಕಿಸಿರುವ ದೊಡ್ಡ ಮದುವೆ ಫೋಟೋದಲ್ಲಿ ಹುಡುಗನ ಕಡೆಯವರಾಗಿ ಜುಬೇದಾ ಮತ್ತು ಯೂಸುಫ್ ಇದ್ದಾರೆ. ಚಾಮರಾಜನಗರದಲ್ಲಿ ನೋಡಿದವರೆಲ್ಲ, "ಸಲೀಂ ಭಾಯ್ ಎಷ್ಟು ಎತ್ತರ!" ಎನ್ನುತ್ತಾರಂತೆ.

ಟ್ರಕ್ಕಿನ ಮೇಲೆಯೇ ವಾಪಸು ಬಂದ ಕಾರು ನಮ್ಮ ಗ್ಯಾರೇಜಿನಲ್ಲಿದೆ. ಮುಚ್ಚಿದ ಕಂಪನಿಯ ಕೀ ಬೀಗ ನಾನು ಹುಡುಕಿದ ಕಡೆಯಲ್ಲೆಲ್ಲೂ ಸಿಗಲಿಲ್ಲ. ಸಂಜೆ ಕೆಲಸ ಮುಗಿಸಿ ಹೋಗಿ ಅದರಲ್ಲಿ ಕೂರುತ್ತೇನೆ. ಮುಂದೆ ಗ್ಯಾರೇಜಿನ ಗೋಡೆ, ಗೇರು ರಿವರ್ಸಿನಲ್ಲಿ. ಜುಬೇದಾ ಚಹಾ ತಂದುಕೊಡುತ್ತಾಳೆ. ಆ ಸಿಂಬಿಯನ್ನು ಬಿಚ್ಚಿ, ಅಳತೆ ಸರಿಮಾಡಿ, ಒಳಗೆ ಆಳ ಕೊಟ್ಟು ಮತ್ತೆ ಹೊಲಿದಿದ್ದೇನೆ. ಲೋಟ ಈಗ ಅಲುಗಾಡುವುದಿಲ್ಲ, ಒಂದು ತೊಟ್ಟೂ ಚೆಲ್ಲುವುದಿಲ್ಲ.

ಕುಶನ್ ಕೆಲಸದಲ್ಲಿ ನನ್ನನ್ನು ಮೀರಿಸುವವರು ಸ್ಯಾನ್ ಡಿಯಾಗೋದಲ್ಲಿ ಇಲ್ಲ!