ಗುಟ್ಟಿನ ಮಂದಿರದ ನೂರು ವರ್ಷ

ಗಡಿಯಾರ ರಿಪೇರಿಯವನಿಗೆ ಬಾಯಿ ಸ್ವಲ್ಪ ಮುಂದು. ಮೇಸನ್ನರೆಂಬ ಗುಪ್ತಸಂಘದ ಮಂದಿರಕ್ಕೆ ನೂರು ತುಂಬುವ ಸಂಜೆ ಅದರ ಇತಿಹಾಸ ಬರೆದು ಓದುವವರು ಯಾರು ಎಂದು ಅಧ್ಯಕ್ಷರು ಕೇಳಿದಾಗ, ಸಂಘದ ಉಳಿದ ಸೋದರರೆಲ್ಲ ಸಭೆಗೆಂದು ಸೊಂಟಕ್ಕೆ ಕಟ್ಟಿದ ತಂತಮ್ಮ ಏಪ್ರನ್ನಿನ ದಾರ ನೋಡಿಕೊಳ್ಳುತ್ತ ಕುಳಿತರು. ಕೈ ಎತ್ತಿದವನು ಇವನೊಬ್ಬನೇ. ಹತ್ತು ವರ್ಷದಿಂದ ಅಲ್ಲಿ ಕುರ್ಚಿ ಒರೆಸುವುದು ಬಿಟ್ಟು ಬೇರೆ ಪದವಿ ಕಂಡವನಲ್ಲ, ಪಾಪ. "ಚೆನ್ನಾಗಿ ಓದಿದ್ರೆ ಕಾರ್ಯದರ್ಶಿ ಪದವಿ ನಿಂಗೇ ಕಣಯ್ಯ" ಎಂದಿದ್ದರು ಅಧ್ಯಕ್ಷರು. ಹೆಂಡತಿಗೆ, ಅತ್ತೆಗೆ, ಭಾವಮೈದುನನಿಗೆ ಆ ಸುದ್ದಿ ಆಗಲೇ ಮುಟ್ಟಿಯೂ ಆಗಿತ್ತು.

ಓದುವ ದಿನ ಬೆಳಿಗ್ಗೆ ಕಪಾಟು ತೆಗೆದು ನಡಾವಳಿ ಪುಸ್ತಕ ಬಿಡಿಸಿದ. ಹದಿನೇಳು ದಪ್ಪ ಪುಸ್ತಕ, ಪುಟಪುಟದಲ್ಲೂ ಒಂದೇ ಮಾತು: 'ಸಭೆ ಸೇರಿತು. ನಡೆದದ್ದು ಗುಟ್ಟಾದ್ದರಿಂದ ಬರೆದಿಲ್ಲ. ಸಭೆ ಮುಗಿಯಿತು.' ಒಂದು ಕಡೆ ಮಾತ್ರ 'ಫ್ಯಾನು ಕೆಟ್ಟಿದೆ' ಎಂದಿತ್ತು. ಯಾರೋ ಅದನ್ನೂ ಹೊಡೆದುಹಾಕಿದ್ದರು.

ತೊಂಬತ್ತು ದಾಟಿದ ಮಾಜಿ ಅಧ್ಯಕ್ಷರ ಮನೆಗೆ ಓಡಿದ.

"ಎಲ್ಲಾ ನೆನಪಿದೆ ಮಗು. ಆದ್ರೆ ಹೊರಗಿನವರಿಗೆ ಹೇಳಲ್ಲ ಅಂತ ಆಣೆ ಇಟ್ಟಿದ್ದೀನಿ" ಎಂದರು ಮುದುಕರು.

"ನಾನು ಒಳಗಿನವನೇ ತಾತ. ಅದೇ ಆಣೆ ನಾನೂ ಇಟ್ಟಿದ್ದೀನಿ."

"ಹಾಗಾದ್ರೆ ಗುಪ್ತಪದ ಹೇಳು."

ಅವನು ಕಿವಿಯಲ್ಲಿ ಉಸುರಿದ.

"ಇದು ಈಗಿಂದು. ನಮ್ಮ ಕಾಲದ್ದು ಹೇಳು."

"ಅದು ನೀವು ಹೇಳ್ಕೊಟ್ರೆ ಹೇಳ್ತೀನಿ."

"ಅದು ಗುಟ್ಟು" ಎಂದು ಮುದುಕರು ಕಣ್ಣು ಮುಚ್ಚಿಕೊಂಡರು.

ಮಧ್ಯಾಹ್ನ ಅವನು ಮಂದಿರದ ಮೆಟ್ಟಿಲ ಮೇಲೆ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದ. ಎದುರಂಗಡಿಯಲ್ಲಿ ಮೇಸನ್ನರ ಏಪ್ರನ್ ಹೊಲಿಯುವ ದರ್ಜಿ ಕತ್ತರಿ ಹಿಡಿದೇ ಎದ್ದು ಬಂದ. ಸಂಗತಿ ಕೇಳಿ ನಕ್ಕ.

"ಅಷ್ಟೇನಾ? ಬರ್ಕೊಳ್ಳಿ ಅಣ್ಣ. ಒಳಗೆ ಚಾವಣಿಗೆ ನಕ್ಷತ್ರ ಬರೆದೋನು ಸಿನಿಮಾ ಬೋರ್ಡು ಬರೆಯೋನು. ಅದಕ್ಕೇ ಒಂದು ನಕ್ಷತ್ರಕ್ಕೆ ಮೀಸೆ ಇದೆ. ಒಂದ್ಸಲ ಅಧ್ಯಕ್ಷರ ದೊಡ್ಡ ಕುರ್ಚಿ ನಂದು ಅಂತ ಇಬ್ಬರು ಹಟ ಹಿಡಿದು, ಹನ್ನೊಂದು ತಿಂಗಳು ಇಬ್ಬರೂ ಅದ್ರಲ್ಲೇ ಒತ್ಕೊಂಡು ಕೂತಿದ್ರು."

"ಹನ್ನೊಂದಲ್ಲ, ಹದಿಮೂರು" ಎಂದು ಪಕ್ಕದ ಔಷಧಿ ಅಂಗಡಿಯವರು ಮೂಗು ತೂರಿಸಿದರು. "ಇಬ್ಬರ ಸೊಂಟಕ್ಕೂ ಮುಲಾಮು ಕೊಟ್ಟೋನು ನಾನು."

"ನಿಮ್ಮ ಮಾಜಿ ಅಧ್ಯಕ್ಷರು ದೀಕ್ಷೆ ದಿನ ಸತ್ತ ಹಾಗೆ ಮಲಗಬೇಕಿತ್ತಂತೆ. ನಿಜವಾಗ್ಲೂ ನಿದ್ದೆ ಹೋಗಿ, ಎಬ್ಬಿಸಿದವರಿಗೆ ಬೈದ್ರಂತೆ" ಎಂದ ದರ್ಜಿ.

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿತ್ತು. ಬಿಟ್ಟಾನೆಯೇ? ಎಲ್ಲವನ್ನೂ ಬರೆದ. ಸಂಜೆ ಎದೆಯುಬ್ಬಿಸಿ ಓದಿದ. ಚಪ್ಪಾಳೆಗೆಂದು ತಲೆ ಎತ್ತಿದರೆ ಸೋದರರೆಲ್ಲ ಮತ್ತೆ ಏಪ್ರನ್ನಿನ ದಾರ ನೋಡಿಕೊಳ್ಳುತ್ತಿದ್ದರು.

"ಇದನ್ನೆಲ್ಲ ಯಾರು ಹೇಳಿದ್ರು?" ಅಧ್ಯಕ್ಷರ ಮುಖ ಕೆಂಪಗಾಗಿತ್ತು.

ಬೀದಿಯವರು ಎಂದರೆ ಮಂದಿರದ ಮಾನ ಹೋಗುತ್ತದೆ. ಸೋದರರು ಎಂದರೆ ಹೆಸರು ಹೇಳಬೇಕು. "ಯಾರೂ ಇಲ್ಲ, ಎಲ್ಲಾ ನನ್ನ ಕಲ್ಪನೆ" ಎಂದ.

ಮುದುಕರು ಕೋಲೂರಿ ಎದ್ದರು. "ಕಲ್ಪನೆಯಂತೆ. ನಾನು ನಿದ್ದೆ ಹೋಗಿದ್ದು ಹೊರಗಿನ ನೊಣಕ್ಕೂ ಗೊತ್ತಿಲ್ಲ."

ಅಲ್ಲೇ ತೀರ್ಪಾಯಿತು. ಗುಟ್ಟು ಬಯಲು ಮಾಡಿದವನು ಒಳಗೆ ಬೇಡ. ಇನ್ನು ಮೇಲೆ ಅವನಿಗೆ ದ್ವಾರಪಾಲಕನ ಪದವಿ, ಕತ್ತಿ ಹಿಡಿದು ಬಾಗಿಲ ಹೊರಗೆ ಕಾಯಲಿ. ಸಭೆ ಮುಗಿಯುವ ತನಕ ಯಾರನ್ನೂ ಒಳಗೆ ಬಿಡಕೂಡದು.

ಅವನು ಕತ್ತಿ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದನ್ನು ಕಂಡು ದರ್ಜಿ ಮತ್ತೆ ಬಂದ.

"ಮಾರಾಯ, ಈ ಕತೆಯೆಲ್ಲ ನಿಂಗೆ ಯಾರು ಹೇಳಿದ್ದು?" ಎಂದು ಕೇಳಿದ ಗಡಿಯಾರದವನು. ಅವನಿಗೆ ಅಳುವೇ ಬಂದಿತ್ತು.

"ನಿಮ್ಮ ಅಧ್ಯಕ್ಷರೇ. ಅಳತೆಗೆ ನಿಂತ್ರೆ ಅವರ ಬಾಯಿ ನಿಲ್ಲಲ್ಲ. ಆ ಹೊಟ್ಟೆ ಸುತ್ತ ಟೇಪು ತಿರುಗಿ ಬರೋಷ್ಟರಲ್ಲಿ ಒಂದು ಕತೆ ಮುಗೀತದೆ. ಕಾರ್ಯದರ್ಶಿ ಪದವಿ ಅಳಿಯನಿಗೆ ಕೊಡ್ತೀನಿ ಅಂತ ಹೋದ ವಾರವೇ ಹೇಳಿದ್ರು."

ಗಡಿಯಾರದವನ ಪಿತ್ತ ನೆತ್ತಿಗೇರಿತು. ಇದನ್ನು ಈಗಿಂದೀಗಲೇ ಎಲ್ಲರೆದುರು ಹೇಳಿಬಿಡುತ್ತೇನೆಂದು ತಿರುಗಿ ಬಾಗಿಲಿಗೆ ಕೈ ಹಾಕಿದ. ಸಭೆ ಇನ್ನೂ ನಡೆಯುತ್ತಿತ್ತು. ಒಳಗೆ ನುಗ್ಗುವವರನ್ನು ತಡೆಯಬೇಕಾದವನು ತಾನೇ ಎಂಬುದು ನೆನಪಾಯಿತು. ಹತ್ತು ವರ್ಷದಲ್ಲಿ ಸಿಕ್ಕ ಮೊದಲ ಪದವಿ. ಮೊದಲ ದಿನವೇ ಕಳೆದುಕೊಳ್ಳುವುದು ಹೇಗೆ? ಕೈ ಹಿಂದಕ್ಕೆ ತೆಗೆದು, ಕತ್ತಿಯನ್ನು ನೆಟ್ಟಗೆ ಹಿಡಿದು, ತನ್ನನ್ನು ತಾನೇ ತಡೆದು ನಿಲ್ಲಿಸಿದ.