ಹಪ್ಪಳದ ಅಂಗಡಿಗೊಂದು ಚೌಕಾಸಿ ಗುಂಡಿ

ಹಾಸನ ಜಿಲ್ಲೆಯ ಮೊಟ್ಟಮೊದಲ ಆನ್‌ಲೈನ್ ಅಂಗಡಿ ಕಟ್ಟಿದವನು ನಾನೇ. ಸುಳ್ಳು. ನನಗಿಂತ ಮುಂಚೆ ಎಷ್ಟೋ ಜನ ಕಟ್ಟಿದ್ದಾರೆ, ಅವರ ಅಂಗಡಿಗಳು ನಡೆಯುತ್ತಲೂ ಇವೆ. ಆದರೆ ಒಂದೇ ಅಂಗಡಿಯನ್ನು ಇಷ್ಟು ಸಲ ರಿಪೇರಿ ಮಾಡಿ, ಒಂದೊಂದು ರಿಪೇರಿಗೂ ಬೈಸಿಕೊಂಡವನು ನಾನೊಬ್ಬನೇ. ಇದರಲ್ಲಿ ಸುಳ್ಳಿಲ್ಲ. ಒಳ್ಳೆಯದು ಮಾಡಲು ಹೋದವನಿಗೆ ಈ ಸೀಮೆಯಲ್ಲಿ ಇಂಥದ್ದು ಆಗುತ್ತಲೇ ಇರುತ್ತದೆ. ಕೂತ್ಕೊಳ್ಳಿ, ಟೀ ಕುಡೀತಾ ಹೇಳುತ್ತೇನೆ.

ನನ್ನದು ಚನ್ನರಾಯಪಟ್ಟಣದಲ್ಲಿ ಫ್ಲೆಕ್ಸ್ ಅಂಗಡಿ. ಹುಟ್ಟುಹಬ್ಬ, ಚುನಾವಣೆ, ನಾಮಕರಣ, ತಿಥಿ ಎಲ್ಲಕ್ಕೂ ಬ್ಯಾನರ್ ಮಾಡಿಕೊಡುತ್ತೇನೆ. ನಮ್ಮಕ್ಕನನ್ನು ಕೊಟ್ಟಿರುವುದು ಹೊಳೆನರಸೀಪುರಕ್ಕೆ. ಅವಳು ಒತ್ತುವ ಆಲೂಗೆಡ್ಡೆ ಹಪ್ಪಳಕ್ಕೆ ಹಾಸನದ ಒಬ್ಬ ಸಗಟು ವ್ಯಾಪಾರಿ ಬಹಳ ದಿನದಿಂದ ಗಾಳ ಹಾಕಿದ್ದ. ಎಲ್ಲಾ ನನಗೇ ಕೊಡಿ, ನನ್ನ ಲೇಬಲ್ ಅಂಟಿಸಿ ಮಾರುತ್ತೇನೆ ಅಂತ. ಅಕ್ಕ ಒಪ್ಪಲಿಲ್ಲ. "ಗೆಡ್ಡೆ ಬೇಯ್ಸಿ, ಒತ್ತಿ, ಮಾಳಿಗೆ ಮೇಲೆ ಕಾಗೆ ಓಡ್ಸೋಳು ನಾನು. ಹೆಸ್ರು ಮಾತ್ರ ಅವನ್ದಾ?" ಅಂದಳು. ತನ್ನ ಹೆಸರಲ್ಲೇ ಆನ್‌ಲೈನ್ ಅಂಗಡಿ ಇಡುತ್ತೇನೆ ಅಂದಳು. ಭಾವ ಒಂದು ಗಡುವು ಕೊಟ್ಟರು: "ಗೌರಿ ಹಬ್ಬದೊಳ್ಗೆ ನಡುದ್ರೆ ಸರಿ. ಇಲ್ದಿದ್ರೆ ಬಾಗ್ಲಾಕಿ ಸಾಹುಕಾರ್ರಿಗೇ ಕೊಟ್ಬುಡೋದು."

ಅಂಗಡಿ ಕಟ್ಟಿದ್ದು ಹಾಸನದ ಒಂದು ವೆಬ್‌ಸೈಟ್ ಹುಡುಗಿ. ಡಿಸೈನ್ ಮಾತ್ರ ನನ್ನದು. ಅವಳು ನನ್ನನ್ನು ಅಂಕಲ್ ಅನ್ನುತ್ತಾಳೆ. ನನಗಿನ್ನೂ ತಲೆಯಲ್ಲಿ ಕೂದಲಿದೆ, ಆದರೂ ಅನ್ನುತ್ತಾಳೆ.

ಹೂವಿನ ಬಾರ್ಡರು

ಮೊದಲ ಪುಟ ನಾನೇ ಮಾಡಿದೆ. ನಡುವೆ ಅಕ್ಕನ ಫೋಟೋ, ಕೈ ಮುಗಿದಿರುವುದು. ಸುತ್ತ ಚೆಂಡು ಹೂವಿನ ಬಾರ್ಡರು. ಮೇಲೆ ಎರಡು ದೀಪ, ಕೆಳಗೆ ನೆಂಟರಿಷ್ಟರ ಮುಖಗಳು ದುಂಡು ದುಂಡಾಗಿ. ಭಾವನಿಗೆ ಕೂಲಿಂಗ್ ಗ್ಲಾಸು. ಹಪ್ಪಳಕ್ಕೆ ಜಾಗ ಸಾಲಲಿಲ್ಲ.

"ಅಂಕಲ್, ಇದರಲ್ಲಿ ಏನು ಮಾರ್ತಿದ್ದೀವಿ ಅಂತಾನೇ ಗೊತ್ತಾಗಲ್ಲ," ಅಂದಳು ಹುಡುಗಿ.

"ಮುಖ ನೋಡಿ ವ್ಯಾಪಾರ ಕಣಮ್ಮ ನಮ್ಮ ಕಡೆ," ಅಂದೆ.

ಲಿಂಕನ್ನು ನೆಂಟರಿಗೆಲ್ಲ ಕಳಿಸಿದೆ. ಮಾರನೆಯ ದಿನ ಬೆಳಗಿನ ಬಸ್ಸಿಗೆ ದಂಡಿಗನಹಳ್ಳಿಯಿಂದ ನಮ್ಮ ಸೋದರತ್ತೆ ಮತ್ತು ಅವರ ಓರಗಿತ್ತಿ ಅಕ್ಕನ ಮನೆಗೆ ಬಂದಿಳಿದರು. ಬೀದಿ ತುದಿಯಿಂದಲೇ ಅಳು. ಅಕ್ಕ ಗಾಬರಿಯಾಗಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಸೋದರತ್ತೆ ಅವಳನ್ನು ನೋಡಿ ಕಣ್ಣಿಗೆ ಒತ್ತಿದ್ದ ಸೆರಗು ತೆಗೆದರು.

"ಇದ್ದೀಯಾ?"

"ಇದ್ದೀನಿ ಕಣತ್ತೆ. ಯಾಕೆ?"

"ಹೂವಾಕಿ ದೀಪ ಅಚ್ಚಿದ್ನಲ್ಲೇ ನಿನ್ ತಮ್ಮ."

ನಾನು ಮಾಡಿದ್ದು ಸ್ವಾಗತದ ಬಾರ್ಡರು. ಅದನ್ನು ತಿಥಿಗೂ ಹಾಕುತ್ತೇನೆ, ಚೆನ್ನಾಗಿ ಕಾಣುತ್ತದೆ ಅಂತ. ಅದು ನನ್ನ ತಪ್ಪೇ? ಯಾರಾದರೂ ಒಬ್ಬರು, ನೀನು ಬದುಕಿರುವುದು ಸಂತೋಷ ಅಂದರೇ? ಇಲ್ಲ. ಓರಗಿತ್ತಿ ಜಗಲಿ ಮೇಲೆ ಕೂತು, "ಅಳೋಕೆ ಅಂತ ಒಂದ್ ಲೋಟ ನೀರೂ ಕುಡೀದೆ ಬಂದ್ವಿ, ಮೊದ್ಲು ಕಾಪಿ ಕೊಡವ್ವ," ಅಂದರು.

ಬಿಳೀ ಹಿನ್ನೆಲೆ

ಆ ಪುಟ ತೆಗೆದ ಮೇಲೆ ಹುಡುಗಿ ಸಾಮಾನಿನ ಫೋಟೋ ಬೇಕು ಅಂದಳು. ಹಿನ್ನೆಲೆ ಅಚ್ಚ ಬಿಳುಪಿರಬೇಕಂತೆ, ಆಗ ಗಿರಾಕಿಯ ಕಣ್ಣು ನೇರ ಹಪ್ಪಳದ ಮೇಲೆ ಬೀಳುತ್ತದಂತೆ. ಅಕ್ಕನ ಮನೆಯಲ್ಲಿ ಅಚ್ಚ ಬಿಳುಪಾದದ್ದು ಒಂದೇ, ಭಾವ ಮದುವೆ ಮನೆಗಳಿಗೆ ಉಡುವ ಪಂಚೆ. ಅವರು ಸ್ನಾನಕ್ಕೆ ಹೋಗಿದ್ದಾಗ ಅದನ್ನು ಮಾಳಿಗೆಯ ಮೇಲೆ ಹಾಸಿ, ಹಪ್ಪಳ ಹರಡಿ, ಫೋಟೋ ಹೊಡೆದೆ. ಅಂಗಡಿಯಲ್ಲಿ ಕೂಡಲೇ ಹಾಕಿಸಿದೆ. ಭಾವ ಟವೆಲು ಸುತ್ತಿಕೊಂಡು ಮನೆಯೆಲ್ಲ ಹುಡುಕುತ್ತಿದ್ದರು.

ಸಾಯಂಕಾಲದೊಳಗೆ ಮೂರು ಮೆಸೇಜು. ಓಡಿ ಬಂದು ನೋಡಿದೆವು. ಮೂವರೂ ಕೇಳಿದ್ದು, ಆ ಜರಿ ಅಂಚಿನ ಪಂಚೆಗೆ ಎಷ್ಟು.

"ಕೊಟ್ಬುಡಾನಾ ಭಾವ?" ಅಂದೆ. ಆಮೇಲೆ ಅವರು ಆಡಿದ ಮಾತನ್ನು ಇಲ್ಲಿ ಹೇಳುವ ಹಾಗಿಲ್ಲ.

ಬರೀ ಬುಟ್ಟಿ

ಪಂಚೆ ಬಿಟ್ಟು ಮತ್ತೆ ಹೊಡೆದ ಮೇಲೆ ಫೋಟೋ ಸರಿಯಾಯಿತು, ಜನ ಬಂದು ನೋಡುತ್ತಿದ್ದರು. ಆದರೆ ಯಾರೂ ಕೊಳ್ಳುತ್ತಿರಲಿಲ್ಲ. ಯಾಕೆ ಅಂತ ತಿಳಿದದ್ದು ಶಾಂತಿಗ್ರಾಮದ ಒಬ್ಬ ಹೆಂಗಸು ಫೋನ್ ಮಾಡಿದಾಗ. ಡೈರಿಗೆ ಹಾಲು ಹಾಕಿ ಬಂದು ಅಂಗಡಿ ತೆರೆದರಂತೆ. ಮೂಲೆಯಲ್ಲಿ ಬುಟ್ಟಿಯ ಚಿತ್ರ, ಕೆಳಗೆ ಬರಹ: ನಿಮ್ಮ ಬುಟ್ಟಿ ಖಾಲಿ ಇದೆ.

"ಒಳ್ಳೆ ಕೆಲ್ಸಕ್ಕೆ ಒಂಟಿದ್ದೀರ, ಎದ್ರುಗೆ ಖಾಲಿ ಕೊಡ ಬತ್ತದೆ. ಏನ್ ಮಾಡೀರಿ?" ಅಂತ ನನ್ನನ್ನೇ ಕೇಳಿದರು.

"ವಾಪಸ್ ಬಂದು, ನೀರು ಕುಡಿದು, ಆಮೇಲೆ ಹೊರಡ್ತೀನಿ."

"ನಾನೂ ಅದೇ ಮಾಡ್ದೆ. ಫೋನ್ ಮುಚ್ಚಿ, ನೀರು ಕುಡ್ದು, ಬೇರೆಯೋರ ಅಂಗಡೀಲಿ ತಗಂಡೆ."

ನಾನು ಹುಡುಗಿಗೆ ಫೋನ್ ಮಾಡಿ ಕೂಗಾಡಿದೆ. ಬಂದ ಗಿರಾಕಿಯ ಮುಖಕ್ಕೆ ಯಾವ ಅಂಗಡಿಯವನಾದರೂ ಬರೀ ಬುಟ್ಟಿ ಹಿಡಿಯುತ್ತಾನೆಯೇ? ಬುಟ್ಟಿಯಲ್ಲಿ ಮೊದಲೇ ಅಕ್ಕ ಮಾಡಿದ ಸಂಡಿಗೆ ಒಂದು ಪ್ಯಾಕೆಟ್ ಇಟ್ಟುಬಿಡು, ಬೇಡದವರು ತೆಗೆಯುತ್ತಾರೆ ಅಂದೆ. ಅವಳು ಬೇಡ ಬೇಡ ಅಂದರೂ ಇಡಿಸಿದೆ.

ಮಾರನೆಯ ದಿನ ಅರಕಲಗೂಡಿನಿಂದ ಒಬ್ಬ ನಿವೃತ್ತ ಮೇಷ್ಟ್ರು ಸ್ಕೂಟರಿನಲ್ಲಿ ಅಕ್ಕನ ಮನೆಗೇ ಬಂದರು. ಬಾಗಿಲಲ್ಲಿ ನಿಂತು ಫೋನನ್ನು ಎರಡು ಕೈಯಲ್ಲಿ ಮುಂದೆ ಹಿಡಿದರು.

"ತಾಯಿ, ಈ ಸಂಡಿಗೆ ನಾನು ಮುಟ್ಟಿಲ್ಲ. ಸುಮ್ಮನೆ ನೋಡೋಣ ಅಂತ ಒಳಗೆ ಬಂದೆ. ನನ್ನ ಬುಟ್ಟಿಯಲ್ಲಿತ್ತು. ಸರ್ವೀಸಿನಲ್ಲಿ ಒಂದು ಸೀಮೆಸುಣ್ಣ ಮನೆಗೆ ತಂದವನಲ್ಲ ನಾನು. ನೀವೇ ನಿಮ್ಮ ಕೈಯಾರೆ ತೆಗೆದುಕೊಳ್ಳಿ."

ತೆಗೆಯುವ ಗುರುತನ್ನು ನಮ್ಮ ಹುಡುಗಿ ಸಾಸಿವೆ ಕಾಳಿನಷ್ಟು ಮಾಡಿದ್ದಳು. ಅಕ್ಕ ಕಷ್ಟಪಟ್ಟು ಒತ್ತಿ ತೆಗೆದಳು. ಮೇಷ್ಟ್ರು ನಿಟ್ಟುಸಿರು ಬಿಟ್ಟು ಜಗಲಿಯ ಮೇಲೆ ಕೂತರು. ಅವರಿಗೂ ಕಾಫಿ ಆಯಿತು.

ಭಾವ ಒಳಗಿನಿಂದ ಕೂಗಿದರು: "ಏನ್ಲಾ ಇದು ಆನ್‌ಲೈನು? ಎಲ್ರೂ ಮನೆಗೇ ಬತ್ತಾವ್ರೆ. ಹಪ್ಳ ಅಂಗೇ ಐತೆ, ಕಾಪಿಪುಡಿ ಖಾಲಿಯಾಯ್ತು."

ಖಾಯಂ ವಿಳಾಸ

ಆಮೇಲೆ ಬುಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ವೀಳ್ಯದೆಲೆ ಇಟ್ಟ ಚಿತ್ರ ಹಾಕಿಸಿದೆವು. ಖಾಲಿ ಅನ್ನುವ ಮಾತು ತೆಗೆಸಿ, ಬುಟ್ಟಿ ನಿಮ್ಮದು ಅಂತ ಬರೆಸಿದೆವು. ಆರ್ಡರ್ ಬಂತು. ಮೊದಲನೆಯದು ಗೊರೂರಿನಿಂದ.

ವಿಳಾಸದ ಫಾರಂ ನನ್ನದು. ನನ್ನ ಅಂಗಡಿಯಲ್ಲಿ ಸರ್ಕಾರಿ ಅರ್ಜಿಗಳನ್ನೂ ಟೈಪ್ ಮಾಡಿಕೊಡುವುದರಿಂದ ಅದರ ಗಾಂಭೀರ್ಯ ನನಗೆ ಗೊತ್ತು. ಹೆಸರು, ತಂದೆಯ ಹೆಸರು, ಖಾಯಂ ವಿಳಾಸ. ಜೊತೆಗೆ ನಕ್ಷೆಯಲ್ಲಿ ಮನೆಯ ಜಾಗಕ್ಕೆ ಗುರುತು. ಪಾರ್ಸೆಲ್ ಹಿಡಿದು ಹೋದ ಕೊರಿಯರಿನವನು ಅಲ್ಲಿಂದ ಫೋನ್ ಮಾಡಿದ.

"ಸಾ, ಇದು ನೀರೊಳ್ಗೆ ತೋರುಸ್ತಾ ಐತೆ. ಡ್ಯಾಮಿನ ಮಧ್ಯಕ್ಕೆ."

ನಾನು ಗಿರಾಕಿಗೆ ಫೋನ್ ಮಾಡಿ ಝಾಡಿಸಿದೆ. ತಮಾಷೆ ಮಾಡುವುದು ನನ್ನ ಕಸುಬು, ಬೇರೆಯವರು ಮಾಡಿದರೆ ನನಗೆ ಸಿಟ್ಟು ಬರುತ್ತದೆ. "ಏನ್ರೀ, ಹಪ್ಪಳ ತಲುಪಿಸೋಕೆ ನಾವೇನು ಮೊಸಳೇನಾ?"

ಆತ ಸಮಾಧಾನವಾಗಿಯೇ ಇದ್ದ. "ನಾನಿರೋದು ಕ್ವಾಟ್ರಸ್ಸು ಸಾ. ಅದು ಇವತ್ತಿದ್ದು ನಾಳೆ ಬಿಡೋದು. ನಮ್ಮೂರು ಮುಳುಗಡೆ ಆಯ್ತಲ್ಲ, ಆ ಮನೆ ಅಲ್ಲೇ ಕೆಳ್ಗೆ ಐತೆ. ಯಾರೂ ಬಿಡ್ಸೋ ಅಂಗಿಲ್ಲ. ಖಾಯಂ ಅಂದ್ರೆ ಅದೇ ಅಲ್ವಾ?"

ನಾನು ದನಿ ತಗ್ಗಿಸಿ ಕೇಳಿದೆ, "ಹಾಗಾದ್ರೆ ಹಪ್ಪಳ ಎಲ್ಲಿಗೆ ಕಳಿಸಲಿ?"

"ಕ್ವಾಟ್ರಸ್ಸಿಗೇ ಕಳ್ಸಿ ಸಾ. ಅಲ್ಲಿಗ್ ಕಳ್ಸಿದ್ರೆ ನೆನೆದೋಯ್ತವೆ. ನೀವ್ ಕೇಳಿದ್ರಿ, ಹೇಳ್ದೆ."

ಫಾರಂನಲ್ಲಿ ಈಗ ಒಂದೇ ಪ್ರಶ್ನೆ ಇದೆ: ಪಾರ್ಸೆಲ್ ಎಲ್ಲಿ ಕೊಡಬೇಕು?

ಚೌಕಾಸಿ ಗುಂಡಿ

ಇಷ್ಟಾದರೂ ವ್ಯಾಪಾರ ತೆವಳುತ್ತಿತ್ತು. ಗೌರಿ ಹಬ್ಬ ಹತ್ತಿರ ಬಂತು. ಜನ ಹಪ್ಪಳ ಆರಿಸುತ್ತಿದ್ದರು, ಬುಟ್ಟಿಗೆ ಹಾಕುತ್ತಿದ್ದರು, ದುಡ್ಡು ಕೊಡುವ ಪುಟಕ್ಕೆ ಬಂದು ಎದ್ದು ಹೋಗುತ್ತಿದ್ದರು. ಅಕ್ಕ ಮಾತು ಕಮ್ಮಿ ಮಾಡಿದ್ದಳು. ಒತ್ತುವ ಮಣೆಯ ಮುಂದೆ ಕೂತು, "ನನ್ ಹೆಸ್ರಲ್ಲಿ ಏನೂ ಆಗಲ್ಲ ಕಣಪ್ಪ," ಅಂದಳು ಒಂದು ದಿನ.

ಎದ್ದು ಹೋದವರ ಪೈಕಿ ಅರಕಲಗೂಡಿನ ಒಬ್ಬಾಕೆಗೆ ಫೋನ್ ಮಾಡಿ, ಯಾಕಮ್ಮ ಅಂತ ಕೇಳಿದೆ. ಆಕೆ ಹೇಳಿದ್ದು: "ಏಳಿದ್ ರೇಟ್ಗೇ ತಗಂಡೋದ್ರೆ ಮನೇಲಿ ಅತ್ತೆ ಏನಂದಾರು? ಬಾಯಿಲ್ದೋಳು ಅಂತಾರೆ. ನಿಮ್ ಅಂಗ್ಡೀಲಿ ಕೇಳೋಕೆ ಒಂದು ನರಪಿಳ್ಳೆ ಇಲ್ಲ. ಕೊಸರೂ ಇಲ್ಲ."

ಕೊಸರು ಅಂದರೆ ತೂಕ ಮುಗಿದ ಮೇಲೆ ಅಂಗಡಿಯವನು ಮೇಲಿಂದ ಹಾಕುವ ಒಂದು ಹಿಡಿ. ಅದಿಲ್ಲದೆ ನಮ್ಮ ಕಡೆ ಕೊತ್ತಂಬರಿ ಸೊಪ್ಪಿನ ವ್ಯಾಪಾರವೂ ಮುಗಿಯುವುದಿಲ್ಲ. ತಕ್ಷಣ ಹಾಸನಕ್ಕೆ ಓಡಿದೆ. ದುಡ್ಡು ಕೊಡುವ ಪುಟದಲ್ಲಿ ಒಂದು ಗುಂಡಿ ಹಾಕಿಸಿದೆ: ನೋಡಿ ಹೇಳಿ. ಅದನ್ನು ಒತ್ತಿದರೆ ಅಂಗಡಿ ಹೇಳುತ್ತದೆ, "ಬರಲ್ಲ ಅಕ್ಕ, ಗೆಡ್ಡೆ ರೇಟು ಗೊತ್ತಲ್ಲ." ಮತ್ತೆ ಒತ್ತಿದರೆ, "ನಿಮ್ಮ ಮುಖ ನೋಡಿ ಈ ರೇಟು ಹೇಳಿದ್ದು."

"ಅಂಕಲ್, ಮುಖ ಕಾಣಲ್ಲ," ಅಂದಳು ಹುಡುಗಿ.

"ಅಂಗಡೀಲೂ ಯಾರೂ ನೋಡಲ್ಲ ಕಣಮ್ಮ. ಸುಮ್ಮನೆ ಹೇಳ್ತಾರೆ."

ಕೊನೆಗೆ ಇನ್ನೊಂದು ಗುಂಡಿ: ಹೊರಟೆ. ಅದನ್ನು ಒತ್ತಿದರೆ, "ಬನ್ನಿ ಇಲ್ಲಿ, ಹೊರಟೇಬಿಟ್ರಲ್ಲ. ಎರಡು ಹಪ್ಪಳ ಕೊಸರು ಹಾಕ್ತೀನಿ, ಯಾರಿಗೂ ಹೇಳ್ಬೇಡಿ." ರೇಟು ಒಂದು ಕಾಸೂ ಇಳಿಯುವುದಿಲ್ಲ. ಅದಕ್ಕೂ ಬಗ್ಗದವರ ಮೆಸೇಜು ಅಕ್ಕನ ಫೋನಿಗೆ ಬರುತ್ತದೆ.

ಆರ್ಡರ್ ಬರತೊಡಗಿದವು. ಆದರೆ ಭಾವ ಅಷ್ಟರಲ್ಲಿ ಹಾಸನದ ಸಾಹುಕಾರರಿಗೆ, ಬಂದು ಮಾತು ಮುಗಿಸಿ ಅಂತ ಹೇಳಿಯಾಗಿತ್ತು. ಹಬ್ಬಕ್ಕೆ ಮೊದಲೇ ಅವರು ಕಾರಿನಲ್ಲಿ ಬಂದಿಳಿದರು. ಮುಖ ಕೆಂಪಾಗಿತ್ತು. ಕೊಟ್ಟ ಕಾಫಿ ಪಕ್ಕಕ್ಕಿಟ್ಟರು.

"ಹಪ್ಪಳದ ಮಾತು ಆಮೇಲೆ. ನಿಮ್ಮ ಫೋನಿನೊಳಗೆ ಒಬ್ಬನ್ನ ಕೂರಿಸಿದ್ದೀರಲ್ಲ, ಯಾರವನು? ನಿಮ್ಮ ರೇಟು ತಿಳ್ಕೊಂಡು ಬರೋಣ ಅಂತ ಬೆಳಗ್ಗೆ ನೋಡ್ದೆ. ಮಧ್ಯಾಹ್ನದವರೆಗೂ ಗುದ್ದಾಡಿದೀನಿ. ಸಗಟು ಮಂಡಿಯಲ್ಲಿ ಬೆಳೆದವನು ನಾನು, ಕೊನೆಗೆ ನಾನೇ ಸೋತು ಫುಲ್ ರೇಟಿಗೆ ಒಂದು ಪೆಟ್ಟಿಗೆ ಹೇಳಿದೀನಿ. ಅವನು ನಮ್ಮಂಗಡಿಗೆ ಬೇಕು."

ನಾನು ಕಾಲರ್ ಸರಿ ಮಾಡಿಕೊಂಡು ಮುಂದೆ ಬಂದೆ. "ಅದು ಕಂಪ್ಯೂಟರ್ ಸಾ. ಡಿಸೈನ್ ನನ್ನದೇ."

"ಕಂಪ್ಯೂಟರು ನನಗೆ 'ನಿಮ್ಮಂಥೋರ್ನ ಸಂತೇಲಿ ಬುಟ್ಟಿಗಟ್ಲೆ ನೋಡಿವ್ನಿ' ಅನ್ನುತ್ತೇನಪ್ಪಾ?"

ಭಾವ ಎದ್ದು ಹೋಗಿ ತೊಲೆಯಲ್ಲಿ ಜೇಡರ ಬಲೆ ಇದೆಯೇ ಅಂತ ನೋಡುತ್ತ ನಿಂತರು. ಅವರ ಅಂಗಿಯ ಜೇಬಿನಲ್ಲಿ ಅಕ್ಕನ ಫೋನಿತ್ತು. ಕೈಯೆಲ್ಲ ಹಿಟ್ಟು ಅಂತ ಬೆಳಗ್ಗೆ ಅವಳೇ ಕೊಟ್ಟಿದ್ದಳು. ಈಗ ಕೈ ಒರೆಸಿಕೊಂಡು ಬಂದು, ಜೇಬಿಗೆ ಕೈ ಹಾಕಿ ತೆಗೆದು, ಎಲ್ಲರೆದುರು ಓದಿದಳು.

ಗಿರಾಕಿ: ಒಂದು ಪೆಟ್ಟಿಗೆ ತಗೊಂಡ್ರೆ? ಭಾವ: ಲಾರಿ ತುಂಬ ತಗಂಡ್ರೂ ಅದೇ. ಗಿರಾಕಿ: ಬೇರೆ ಕಡೆ ಸಿಗುತ್ತೆ. ಭಾವ: ತಗಳಿ. ತಿಂದು ಇಲ್ಲಿಗೇ ಬತ್ತೀರ. ಗಿರಾಕಿ: ಅಂಥಾದ್ದೇನಿದೆ ಇದರಲ್ಲಿ? ಭಾವ: ನಮ್ಮನೆಯೋಳು ಒತ್ತಿದ ಹಪ್ಪಳ. ನಾನು ಈ ಮನೇಲಿ ಊಟಕ್ಕೆ ಕೂರೋದೇ ಇದಕ್ಕೆ.

ಕೊನೆಯ ಸಾಲನ್ನು ಅಕ್ಕ ಎರಡು ಸಲ ಓದಿದಳು. ಮದುವೆಯಾದಾಗಿನಿಂದ ಆ ಮನುಷ್ಯನ ಬಾಯಲ್ಲಿ, ಉಪ್ಪು ಸ್ವಲ್ಪ ಮುಂದು ಅನ್ನುವುದು ಬಿಟ್ಟರೆ ಅವಳು ಬೇರೆ ಕೇಳಿರಲಿಲ್ಲ.

ಭಾವ ತೊಲೆ ನೋಡುತ್ತಲೇ ಹೇಳಿದರು: "ಅಂಗ್ಡಿ ಮುಚ್ಚಲ್ಲ ಸಾ. ಬೇಕಾದ್ರೆ ಅವ್ಳ ಹೆಸ್ರಿರೋ ಪ್ಯಾಕೆಟ್ಟೇ ತಗಂಡೋಗಿ ಮಾರ್ಕಳಿ. ರೇಟು ಅದೇ."

ಸಾಹುಕಾರರು ಯೋಚಿಸಿದರು. "ಕೊಸರು?"

"ಎರಡು."

ಒಪ್ಪಿದರು. ಈಗ ಅಕ್ಕನ ಹೆಸರು ಹಾಸನದ ಅಂಗಡಿಯ ಗಾಜಿನ ಬೀರುವಿನಲ್ಲಿದೆ. ಭಾವ ಊಟಕ್ಕೆ ಕೂತಾಗಲೂ ಫೋನ್ ಬಿಡುವುದಿಲ್ಲ. ಅಂಗಡಿ ನಡೆಯುತ್ತಿರುವುದು ತನ್ನ ಬಾಯಿಂದ ಅಂತ ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ. ಗುಂಡಿ ಯಾರದ್ದು? ಕೊಸರು ಯಾರ ಐಡಿಯಾ? ಒಬ್ಬರೂ ಕೇಳುವುದಿಲ್ಲ. ಹುಡುಗಿ ಕೂಡ ತನ್ನ ಕೆಲಸಗಳ ಪಟ್ಟಿಯಲ್ಲಿ ನನ್ನ ಹೆಸರು ಹಾಕಿಲ್ಲ, ಅಂಕಲ್ ಅಂತಲೂ ಹಾಕಿಲ್ಲ.

ಮೊನ್ನೆ ಅಕ್ಕನ ಹತ್ತಿರ ಒಂದು ಪ್ಯಾಕೆಟ್ ಹಪ್ಪಳ ಕೇಳಿದೆ, ಬರೀ ಒಂದು. ಲಿಂಕ್ ಕಳಿಸಿದಳು. ಹೆಂಡತಿಯ ನಂಬರಿನಿಂದ ಒಳಗೆ ಹೋದೆ. ನಾನೇ ಮಾಡಿಸಿದ ಗುಂಡಿಯನ್ನು ನಾನೇ ಒತ್ತಿದೆ, ಹೊರಟೆ ಅನ್ನುವುದನ್ನೂ ಒತ್ತಿದೆ, ಅಂಗಡಿ ಬಗ್ಗಲಿಲ್ಲ, ಮೆಸೇಜು ಹಾಕಿಯೂ ಚೌಕಾಸಿ ಮಾಡಿದೆ. ಆಗ ಭಾವನ ಮೆಸೇಜು ಬಂತು: "ಆಗಲ್ಲ ಬಾಮೈದ."

ಹೇಗೆ ಗೊತ್ತಾಯ್ತು ಭಾವ ಅಂತ ಕೇಳಿದೆ.

"ಕೊಸರು ಮೊದ್ಲು ಕೊಡಿ, ಹಪ್ಪಳ ಆಮೇಲೆ ನೋಡಾನ ಅನ್ನೋನು ಈ ಜಿಲ್ಲೇಲಿ ಒಬ್ನೇ."

ಪೂರ್ತಿ ದುಡ್ಡು ಕೊಟ್ಟು ತಗೊಂಡೆ ಸ್ವಾಮಿ, ನನ್ನ ಒಡಹುಟ್ಟಿದವಳ ಅಂಗಡಿಯಲ್ಲಿ. ಇದು ನ್ಯಾಯವಾ ನೀವೇ ಹೇಳಿ. ಹೇಳದಿದ್ದರೂ ಪರವಾಗಿಲ್ಲ, ಈ ಟೀ ದುಡ್ಡು ನೀವೇ ಕೊಟ್ಟುಬಿಡಿ. ನನ್ನದು ಎರಡು ಟೀ ಆಗಿದೆ. ಒಂದು ಕಥೆ ಹೇಳಿದ್ದಕ್ಕೆ, ಇನ್ನೊಂದು ಕೊಸರು.