ಅರವತ್ತು ಬಿಳಿ, ಒಂದು ಕುರ್ಚಿ

ಬಣ್ಣದ ಅಂಗಡಿಯ ಕೌಂಟರಿನಲ್ಲಿದ್ದ ಹಿರಿಯರು ಕೆಲಸ ಬಿಟ್ಟರು. ಅವರ ಕುರ್ಚಿ ಖಾಲಿಯಾಯಿತು. ತೊಂದರೆ ಶುರುವಾದದ್ದೇ ಅಲ್ಲಿಂದ. ಆ ಕುರ್ಚಿಗೆ ಮೆತ್ತೆಯಿತ್ತು, ಮೇಲೆ ಫ್ಯಾನಿತ್ತು. ಡಬ್ಬಣ್ಣನ ಪಾಲಿಗೆ ಎರಡೂ ಇರಲಿಲ್ಲ. ಗೋದಾಮಿನಲ್ಲಿ ಪೇಂಟ್ ಡಬ್ಬಗಳನ್ನು ಎದೆಗವಚಿಕೊಂಡು ಅಲುಗಾಡಿಸುವುದು ಅವನ ಕೆಲಸ. ಅದು ಮೈಗೆ ಎಷ್ಟು ಹತ್ತಿತ್ತೆಂದರೆ, ಮನೆಯಲ್ಲಿ ಟಿವಿ ರಿಮೋಟನ್ನೂ ಚೆನ್ನಾಗಿ ಅಲುಗಾಡಿಸಿಯೇ ಒತ್ತುತ್ತಿದ್ದ.

“ಸಂಜೆ ಪರೀಕ್ಷೆ. ಬರೀ ಬಿಳಿ ಕೇಳ್ತೀನಿ. ಬಣ್ಣ ತೋರಿಸಿದ ತಕ್ಷಣ ಹೆಸರು, ನಂಬರು ಹೇಳಿದ್ರೆ ಕುರ್ಚಿ ನಿಂದು” ಎಂದರು ಯಜಮಾನರು.

ಬರೀ ಬಿಳಿ ಎಂದರೆ ಸುಲಭವೆಂದು ಹೊರಗಿನವರು ಭಾವಿಸಿಯಾರು. ಆ ಅಂಗಡಿಯಲ್ಲಿ ಬಿಳಿಯೇ ಅರವತ್ತು ಬಗೆ: ನಾಚಿದ ಹಂಸ, ನಿದ್ದೆಗಣ್ಣಿನ ಮೊಲ, ಮೋಡದ ಮಗಳು, ಮೋಡದ ಸೊಸೆ. ಮಗಳಿಗೂ ಸೊಸೆಗೂ ಇದ್ದ ವ್ಯತ್ಯಾಸ ಗೋಡೆಗೂ ತಿಳಿಯುತ್ತಿರಲಿಲ್ಲ. ಗಿರಾಕಿಗಳಿಗೆ ಮಾತ್ರ ತಿಳಿಯುತ್ತಿತ್ತು.

“ಬಾಯಿಪಾಠಕ್ಕೆ ಫೋನಲ್ಲೇ ಫ್ಲ್ಯಾಶ್‌ಕಾರ್ಡ್ ಸಾಫ್ಟ್‌ವೇರ್ ಇದೆ ಕಣೋ. ಈ ಕಡೆ ಪ್ರಶ್ನೆ, ಮಗುಚಿದ್ರೆ ಉತ್ತರ. ಕೊಡು, ಹಾಕ್ಕೊಡ್ತೀನಿ” ಎಂದರು ಲೆಕ್ಕ ಬರೆಯುವ ಅಕ್ಕ.

ಅಕ್ಕ ಹಾಕಿಕೊಟ್ಟದ್ದು ತಪ್ಪು ಉತ್ತರಕ್ಕೆ ಎಳೆಮಗುವಿನಂತೆ ಅಳುತ್ತಿತ್ತು. ಡಬ್ಬಣ್ಣ ನಾಲ್ಕು ಬಿಳಿ ತುಂಬಿಸಿ ನಾಲ್ಕನ್ನೂ ತಪ್ಪಿದ. ಗೋದಾಮಿನ ಆಕ್ರಂದನ ಕೇಳಿ ಗಿರಾಕಿ ಹೆಂಗಸೊಬ್ಬರು, “ಯಾರ ಮಗೂನ್ರೀ ಒಳಗೆ ಕೂಡಿಹಾಕಿರೋದು?” ಎಂದು ರಂಪ ಎಬ್ಬಿಸಿದರು.

“ತೆಗೆದುಹಾಕು ಅದನ್ನ. ನಂದರಲ್ಲಿ ಆಮೆ ಇದೆ!” ಎಂದ ವ್ಯಾನ್ ಡ್ರೈವರ್. ಉತ್ತರ ಸರಿಯಾದರೆ ಆಮೆಗೆ ಎಲೆ. ಉತ್ತರ ತಿಳಿಯದಿದ್ದರೆ ಜಾಹೀರಾತು ನೋಡಿದರೂ ಎಲೆ. ಮಧ್ಯಾಹ್ನದ ಹೊತ್ತಿಗೆ ಆಮೆ ಟೋಪಿ ಹಾಕಿಕೊಂಡು ಎರಡಂತಸ್ತಿನ ಮನೆಯಲ್ಲಿ ಸುಖವಾಗಿತ್ತು. ಡಬ್ಬಣ್ಣನ ತಲೆಯಲ್ಲಿ ಒಂದು ಬಿಳಿಯೂ ಬಿಡಾರ ಹೂಡಿರಲಿಲ್ಲ.

ಬ್ರಷ್ ಕೊಳ್ಳಲು ಬಂದ ಪೇಂಟರ್ ಮೇಸ್ತ್ರಿ ಮರುಗಿದ. “ಯಾಕಪ್ಪಾ ಒದ್ದಾಡ್ತೀಯ? ಬಿಳಿ ಬಣ್ಣದ ರೆಡಿಮೇಡ್ ಕಾರ್ಡೇ ಸಿಗ್ತವೆ. ಯಾರೋ ಪುಣ್ಯಾತ್ಮರು ಮಾಡಿಟ್ಟಿದ್ದಾರೆ.”

ಡಬ್ಬಣ್ಣ ಊಟ ಬಿಟ್ಟು ಅರ್ಧಕ್ಕರ್ಧ ಗಟ್ಟಿ ಮಾಡಿದ. ಆಮೇಲೆ ನೋಡಿದರೆ ಅವೆಲ್ಲ ಎದುರಂಗಡಿಯವರು ಮಾರುವ ಬಿಳಿಗಳು!

ಹೆಂಡತಿಗೆ ಫೋನ್ ಮಾಡಿ ಗೋಳು ತೋಡಿಕೊಂಡ.

“ಊರವರ ಮಾತೆಲ್ಲ ಯಾಕ್ರೀ ಕೇಳ್ತೀರ? ಇರೋದರಲ್ಲಿ ಯಾವುದು ಪಾಪದ ಥರ ಇದೆಯೋ ಅದನ್ನ ಇಟ್ಕೊಳ್ಳಿ. ನಿಮ್ಮನ್ನ ನಾನು ಒಪ್ಪಿದ್ದೂ ಹಾಗೇ” ಎಂದಳು ಅವಳು.

ಅಂಥದ್ದೊಂದು ಸಿಕ್ಕಿತು. ಅಳು ಇಲ್ಲ, ಆಮೆ ಇಲ್ಲ. ಬಣ್ಣಗಳ ಫೋಟೋ ತೆಗೆದು ಹೆಸರು, ನಂಬರು ತುಂಬಿಸಿದರಾಯಿತು. ಫೋಟೋ ಮೇಲೆ ಬೆರಳಿಟ್ಟರೆ ಅವನ್ನು ಗಟ್ಟಿಯಾಗಿ ಒದರುತ್ತಿತ್ತು. ತಪ್ಪಿದ್ದನ್ನೇ ಮತ್ತೆ ಮತ್ತೆ ಕೇಳಿ ಪ್ರಾಣ ತಿಂದಿತು. ಸಂಜೆಯ ಹೊತ್ತಿಗೆ ಡಬ್ಬಣ್ಣನಿಗೆ ಕಣ್ಣು ಮುಚ್ಚಿದರೂ ಬೆಳ್ಳಗೆ ಕಾಣುತ್ತಿತ್ತು.

ಪರೀಕ್ಷೆಯಲ್ಲಿ ಯಜಮಾನರು ಬಣ್ಣದ ಮೇಲೆ ಬಣ್ಣ ತೋರಿಸಿದರು. ಡಬ್ಬಣ್ಣ ತಡವರಿಸಲಿಲ್ಲ. ಸೊಸೆಯನ್ನು ಸೊಸೆಯೆಂದ, ಮಗಳನ್ನು ಮಗಳೆಂದ. ಲೆಕ್ಕದ ಅಕ್ಕ ಚಪ್ಪಾಳೆ ತಟ್ಟಿದರು.

“ಒಂದೇ ದಿನದಲ್ಲಿ ಹೇಗೆ ಕಲಿತ್ಯೋ?” ಯಜಮಾನರು ಬೆರಗಾದರು.

ಡಬ್ಬಣ್ಣ ಎದೆಯುಬ್ಬಿಸಿ ಫೋನ್ ತೋರಿಸಿದ. “ಎಲ್ಲಾ ಇದರ ಮಹಿಮೆ ಸಾರ್. ಬಣ್ಣ ಮುಟ್ಟಿದ್ರೆ ಸಾಕು, ಹೆಸರು ನಂಬರು ಹೇಳುತ್ತೆ.”

“ತಪ್ಪು ಹೇಳೋದಿಲ್ವಾ?”

“ಛೆ! ನಾನು ತಪ್ಪಬಹುದು, ಇದು ತಪ್ಪೋದಿಲ್ಲ.”

“ಗಿರಾಕಿ ಮೇಲೆ ರೇಗೋದು?”

“ಎಲ್ಲಾದರೂ ಉಂಟೇ ಸಾರ್!”

“ರಜೆ?”

“ಫೋನು ರಜೆ ಕೇಳುತ್ತಾ ಸಾರ್!” ಡಬ್ಬಣ್ಣ ಹೊಟ್ಟೆ ಹಿಡಿದು ನಕ್ಕ. ಜೊತೆಗೆ ಯಾರೂ ನಗುತ್ತಿಲ್ಲವೆಂಬುದು ಅವನಿಗೆ ತುಸು ತಡವಾಗಿ ಗೊತ್ತಾಯಿತು.

ಯಜಮಾನರು ಫೋನನ್ನು ಮೃದುವಾಗಿ ಇಸಿದುಕೊಂಡು ಮೆತ್ತೆಯ ಕುರ್ಚಿಯ ಮೇಲೆ ಒರಗಿಸಿಟ್ಟರು. ಬಿಸಿಯಾಗಬಾರದೆಂದು ಫ್ಯಾನನ್ನೂ ಜೋರು ಮಾಡಿದರು. “ಅಂಗಡಿ ಮುಚ್ಚುವಾಗ ಮನೆಗೆ ತಗೊಂಡು ಹೋಗಪ್ಪ. ಬೆಳಿಗ್ಗೆ ಮಾತ್ರ ಚಾರ್ಜ್ ಮಾಡಿಯೇ ತರಬೇಕು.”

ಗೋದಾಮಿನಲ್ಲಿ ಡಬ್ಬ ಕುಲುಕುತ್ತಿದ್ದ ಡಬ್ಬಣ್ಣನಿಗೆ ಕುರ್ಚಿಯ ಮೇಲೆ ಫೋನು ರಿಂಗಾದದ್ದು ಕೇಳಿಸಿತು. ಫಲಿತಾಂಶ ಕೇಳಲು ಹೆಂಡತಿ ಮಾಡಿದ್ದಳು. ಯಜಮಾನರೇ ಎತ್ತಿದರು.

“ಹ್ಞೂಂ ತಾಯೀ, ಕುರ್ಚಿ ನಿಮ್ಮ ಮನೆಯ ಪಾಲಿಗೇ ಬಂತು. ಆದರೆ ಡ್ಯೂಟಿ ಟೈಮಲ್ಲಿ ಹೀಗೆ ಫೋನ್ ಮಾಡಬೇಡಿ, ಕೌಂಟರಿಗೆ ಬಿಡುವಿಲ್ಲ.”